ಖಯ್ಯಾಮರ ಚತುರ್ಭುಜ

ಉಮರ್ ಖಯ್ಯಾಮ್ ಅಂದಕೂಡಲೇ ಕನ್ನಡಿಗರಿಗೆ ನೆನಪಾಗುವುದು ಡಿವಿಜಿಯವರ 'ಉಮರನ ಒಸಗೆ'. ಅವರು ಗಣಿತಜ್ಞರೂ ಆಗಿದ್ದರು ಅಂದರೆ ಹೌದು ಹೌದು ಅಂತ ತಲೆಯಾಡಿಸುತ್ತೇವೆ, ಯಾವ ಗಣಿತ ಅಂತ ಮಾತ್ರ ಕೇಳುವುದಿಲ್ಲ. ಇನ್ನೊಂದು ಕಡೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ, ಜಗತ್ತಿನ ಸಕಲ ವಿದ್ಯೆಯನ್ನೂ ನಮ್ಮವರೇ ಮೊದಲು ಕಂಡುಹಿಡಿದರು ಎಂಬ ಸಂದೇಶಗಳ ಸಾಲಿನಲ್ಲಿ ಅವರ ಹೆಸರೂ ಬರುತ್ತದೆ. ಎರಡರಲ್ಲೂ ಅವರ ಕೆಲಸ ಏನೆಂಬುದೇ ಇಲ್ಲ. ಅದನ್ನು ಇಲ್ಲಿ ಸ್ವಲ್ಪ ನೋಡೋಣ, ಬನ್ನಿ.

ಒಂದು ಹಾಳೆ ತೆಗೆದುಕೊಳ್ಳಿ. ಕೆಳಗೆ ಒಂದು ಅಡ್ಡಗೆರೆ ಎಳೆಯಿರಿ. ಅದರ ಎರಡೂ ತುದಿಯಲ್ಲಿ, ಒಂದೇ ಅಳತೆಯ ಎರಡು ಗೆರೆಗಳನ್ನು ಲಂಬವಾಗಿ ನಿಲ್ಲಿಸಿ. ಮೇಲಿನ ತುದಿಗಳನ್ನು ನೇರ ಗೆರೆಯಿಂದ ಸೇರಿಸಿ. ಒಂದು ಚತುರ್ಭುಜ ಆಯಿತು. ಕೆಳಗಿನ ಕೋನಗಳು 90 ಡಿಗ್ರಿ, ಅವು ನೀವೇ ಇಟ್ಟದ್ದು. ಮೇಲಿನವು ಎಷ್ಟು?

'ಅವೂ 90, ಇದರಲ್ಲಿ ಕೇಳೋದೇನಿದೆ' ಅಂತೀರಿ. ಹೇಗೆ ಗೊತ್ತು? ಕೋನಮಾಪಕ ಇಟ್ಟು ಅಳೆದದ್ದನ್ನು ಗಣಿತ ಸಾಧನೆ ಅಂತ ಒಪ್ಪುವುದಿಲ್ಲ. ಮೇಲಿನ ಎರಡು ಕೋನಗಳು ಒಂದಕ್ಕೊಂದು ಸಮ ಎಂದು ಸುಲಭವಾಗಿ ಸಾಧಿಸಬಹುದು. ಆದರೆ ಅವು ಲಂಬಕೋನವೇ, ಲಘುಕೋನವೇ, ವಿಶಾಲಕೋನವೇ ಎಂಬಲ್ಲಿ ದಾರಿ ನಿಂತುಹೋಗುತ್ತದೆ. 1077ರಲ್ಲಿ ಯೂಕ್ಲಿಡ್‌ರ ಪುಸ್ತಕದ ಕಠಿಣ ಭಾಗಗಳ ಬಗ್ಗೆ ಬರೆದ ಅರಬಿ ಗ್ರಂಥದಲ್ಲಿ ಖಯ್ಯಾಮ್ ಈ ಮೂರು ಸಾಧ್ಯತೆಗಳನ್ನೂ ಎದುರಿಗಿಟ್ಟುಕೊಂಡು ಕೂತರು.

ಇಷ್ಟು ಸಣ್ಣ ವಿಷಯಕ್ಕೆ ಯಾಕಿಷ್ಟು ಪಾಡು? ಕ್ರಿ.ಪೂ. 300ರ ಸುಮಾರಿಗೆ ಯೂಕ್ಲಿಡ್ ಐದು ಆಧಾರ ಪ್ರತಿಜ್ಞೆಗಳ ಮೇಲೆ ತಮ್ಮ ಜ್ಯಾಮಿತಿ ಕಟ್ಟಿದ್ದರು. ಮೊದಲ ನಾಲ್ಕು ಚುಟುಕು ಮಾತುಗಳು. ಐದನೆಯದು ಉದ್ದ: ಎರಡು ಗೆರೆಗಳನ್ನು ಮೂರನೆಯದೊಂದು ಕತ್ತರಿಸಿದಾಗ, ಒಂದು ಬದಿಯ ಒಳಕೋನಗಳ ಮೊತ್ತ ಎರಡು ಲಂಬಕೋನಕ್ಕಿಂತ ಕಡಿಮೆಯಿದ್ದರೆ, ಆ ಗೆರೆಗಳು ಅದೇ ಬದಿಯಲ್ಲಿ ಎಲ್ಲೋ ಕೂಡುತ್ತವೆ. ಇದನ್ನು ಸುಮ್ಮನೆ ಒಪ್ಪಿಕೊಳ್ಳುವುದು ಹೇಗೆ, ಪ್ರಮೇಯವಾಗಿ ಸಾಧಿಸಬೇಡವೇ ಎಂಬುದು ಶತಮಾನಗಳ ತಕರಾರು. ತ್ರಿಭುಜದ ಕೋನಗಳ ಮೊತ್ತ 180 ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಅದು ನಿಂತಿರುವುದೂ ಇದರ ಮೇಲೆಯೇ. ನಮ್ಮ ಚತುರ್ಭುಜದ ಮೇಲಿನ ಕೋನಗಳು 90 ಆದರೆ ಮಾತ್ರ ಆ 180 ಉಳಿಯುತ್ತದೆ.

ಖಯ್ಯಾಮರಿಗಿಂತ ಮೊದಲು ಇಬ್ನುಲ್ ಹೈಸಮ್ ಒಂದು ಸಾಧನೆ ಕೊಟ್ಟಿದ್ದರು. ಲಂಬವಾಗಿ ನಿಂತ ಗೆರೆಯೊಂದನ್ನು ಅಡ್ಡಗೆರೆಯ ಮೇಲೆ ಸರಿಸುತ್ತಾ ಹೋದರೆ ಅದರ ಮೇಲಿನ ತುದಿ ನೇರ ಗೆರೆಯನ್ನೇ ಬರೆಯುತ್ತದೆ ಎಂಬ ವಾದ. ಖಯ್ಯಾಮ್ ಇದನ್ನು ಒಪ್ಪಲಿಲ್ಲ. ಜ್ಯಾಮಿತಿಯೊಳಗೆ ಚಲನೆಯನ್ನು ತರುವುದೇ ಅವರಿಗೆ ಸರಿ ಕಾಣಲಿಲ್ಲ. ಹೆಸರಿಗೆ ಹೆದರದೆ ತಪ್ಪನ್ನು ತಪ್ಪು ಅಂದದ್ದು ನನಗೆ ಇಷ್ಟವಾಗುತ್ತದೆ. ಬದಲಿಗೆ ಅವರು ಬೇರೊಂದು ತತ್ವವನ್ನು ಮುಂದಿಟ್ಟರು: ಹತ್ತಿರವಾಗುತ್ತಾ ಬರುವ ಎರಡು ನೇರ ಗೆರೆಗಳು ಕೂಡಲೇಬೇಕು, ಹತ್ತಿರ ಬರುತ್ತಿರುವ ದಿಕ್ಕಿನಲ್ಲೇ ಮತ್ತೆ ದೂರ ಸರಿಯುವಂತಿಲ್ಲ. ಇದರ ಬಲದಿಂದ ಲಘುಕೋನವನ್ನೂ ವಿಶಾಲಕೋನವನ್ನೂ ತಳ್ಳಿಹಾಕಿ, ಉಳಿದದ್ದು ಲಂಬಕೋನ ಅಂದರು.

ಅಂದರೆ ಹೊಸ ಜ್ಯಾಮಿತಿಯನ್ನು ಅವರು ಕಂಡುಹಿಡಿಯಲಿಲ್ಲ. ಅದರ ಬಾಗಿಲು ತೆರೆದು, ಒಳಗೆ ಇಣುಕಿ, ಮುಚ್ಚಿದರು. ಅವರಿಗೆ ಬೇಕಾಗಿದ್ದದ್ದು ಯೂಕ್ಲಿಡ್‌ರನ್ನು ಭದ್ರಪಡಿಸುವುದು.

ಮುಂಬೈಯಲ್ಲಿರುವವರು ಇದನ್ನು ಗಮನಿಸಿ. ಮಕ್ಕಾ ಇರುವುದು ಮುಂಬೈಗಿಂತ ಎರಡೂಕಾಲು ಅಕ್ಷಾಂಶದಷ್ಟು ಮಾತ್ರ ಉತ್ತರಕ್ಕೆ. ಆದರೂ ಮುಂಬೈಯ ಕಿಬ್ಲಾ ಪಶ್ಚಿಮದಿಂದ ಸುಮಾರು 10 ಡಿಗ್ರಿ ಉತ್ತರಕ್ಕೆ ವಾಲಿದೆ. ಭೂಮಧ್ಯರೇಖೆಯನ್ನು ಅಡ್ಡಗೆರೆ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಲಂಬವಾಗಿ ಒಂದು ರೇಖಾಂಶ ಮುಂಬೈಗೆ, ಇನ್ನೊಂದು ಮಕ್ಕಾಕ್ಕೆ. ಮೇಲೆ ಮುಂಬೈಯಿಂದ ಮಕ್ಕಾಕ್ಕೆ ಅತಿ ಹತ್ತಿರದ ದಾರಿ. ಹೆಚ್ಚುಕಡಿಮೆ ಖಯ್ಯಾಮರ ಚತುರ್ಭುಜವೇ, ಎರಡು ನಿಲುಗೆರೆ ಪೂರ್ತಿ ಸಮ ಇಲ್ಲ ಅಷ್ಟೆ. ಮೇಲಿನ ಕೋನಗಳು? ಮುಂಬೈಯಲ್ಲಿ ಸುಮಾರು 100 ಡಿಗ್ರಿ, ಮಕ್ಕಾದಲ್ಲಿ ಸುಮಾರು 92. ಎರಡೂ ವಿಶಾಲಕೋನ!

ಗೋಳದ ಮೇಲಿನ ಇಂಥ ಲೆಕ್ಕ ಆ ಕಾಲದವರಿಗೆ ಹೊಸದಲ್ಲ. ಅಲ್ ಬಿರೂನಿ 1025ರಲ್ಲಿ ಮುಗಿಸಿದ ಗ್ರಂಥದಲ್ಲಿ ಗಝ್ನಿಯ ಕಿಬ್ಲಾವನ್ನು ಹೀಗೇ ಲೆಕ್ಕ ಹಾಕಿದ್ದರು. ಆದರೆ ಗೋಳದ ಮೇಲಿನ ದಾರಿ ಅವರ ಕಣ್ಣಿಗೆ ಕಮಾನು, ನೇರ ಗೆರೆಯಲ್ಲ. ಹಾಗಾಗಿ ಮಸೀದಿಯ ದಿಕ್ಕು ಹುಡುಕುವ ಗಣಿತವೂ ಖಯ್ಯಾಮರ ಪ್ರಶ್ನೆಯೂ ಅಕ್ಕಪಕ್ಕದಲ್ಲೇ ಇದ್ದು ಸಂಧಿಸಲಿಲ್ಲ.

ಖಯ್ಯಾಮರ ವಾದವನ್ನು 13ನೇ ಶತಮಾನದಲ್ಲಿ ನಸೀರುದ್ದೀನ್ ತೂಸಿ ಪರಿಶೀಲಿಸಿದರು. ತೂಸಿಯವರ ಹೆಸರಿನಲ್ಲಿದ್ದ ಒಂದು ಅರಬಿ ಪುಸ್ತಕ 1594ರಲ್ಲಿ ರೋಮ್‌ನಲ್ಲಿ ಅಚ್ಚಾಯಿತು. (ಅದು ಅವರದಲ್ಲ, ನಂತರದವರದು ಎಂದು ಈಗ ವಿದ್ವಾಂಸರು ಹೇಳುತ್ತಾರೆ.) ಅದರಲ್ಲಿದ್ದ ಸಾಧನೆಯ ಬಗ್ಗೆ 1663ರಲ್ಲಿ ಜಾನ್ ವಾಲಿಸ್ ಆಕ್ಸ್‌ಫರ್ಡ್‌ನಲ್ಲಿ ಉಪನ್ಯಾಸ ಕೊಟ್ಟರು. ವಾಲಿಸ್‌ರನ್ನು ಓದಿದ್ದ ಇಟಲಿಯ ಪಾದ್ರಿ ಸಾಕೇರಿ 1733ರಲ್ಲಿ ಅದೇ ಚತುರ್ಭುಜ, ಅದೇ ಮೂರು ಸಾಧ್ಯತೆ ಹಿಡಿದು ಹೊರಟು, ಅವರೂ ಬಾಗಿಲು ಮುಚ್ಚಿದರು. ಲಘುಕೋನವೂ ಇರಲಿ, ಏನಾಗುತ್ತದೋ ನೋಡೋಣ ಎಂದು 1829ರಲ್ಲಿ ಲೊಬಚೆವ್‌ಸ್ಕಿ, 1832ರಲ್ಲಿ ಬೊಯಾಯ್ ಪ್ರಕಟಿಸಿದ ಮೇಲೆಯೇ ಅದು ತೆರೆದದ್ದು. ಚತುರ್ಭುಜಕ್ಕೆ ಮಾತ್ರ ಸಾಕೇರಿಯವರ ಹೆಸರೇ ನಿಂತಿತು. ಈಗ ಕೆಲವು ಪುಸ್ತಕಗಳಲ್ಲಿ 'ಖಯ್ಯಾಮ್–ಸಾಕೇರಿ ಚತುರ್ಭುಜ' ಅಂತ ಎರಡೂ ಹೆಸರು ಸೇರಿಸಿ ಬರೆಯುತ್ತಾರೆ.