ಟೀಲೈನ್: ಅಕ್ಷರಾಧಾರಿತ ಶೀಘ್ರಲಿಪಿಯ ಪರಿಚಯ

ಸ್ವರೂಪ: ಐಸಾಕ್ ಪಿಟ್‌ಮನ್ ಅವರು 1837ರಲ್ಲಿ ಪ್ರಕಟಿಸಿದ ಶೀಘ್ರಲಿಪಿಯು ಉಚ್ಚಾರಣೆಯನ್ನು ಆಧರಿಸಿದ್ದು, ಗೆರೆಯ ದಪ್ಪ, ತೆಳು ಹಾಗೂ ಸ್ಥಾನದಿಂದ ಪದವನ್ನು ಗುರುತಿಸಲಾಗುತ್ತದೆ. ಬ್ರಿಟನ್ನಿನ ಶೀಘ್ರಲಿಪಿ ಶಿಕ್ಷಕರಾದ ಜೇಮ್ಸ್ ಹಿಲ್ ಅವರು 1968ರಲ್ಲಿ ರೂಪಿಸಿದ ಟೀಲೈನ್ ಪದ್ಧತಿಯು ಇಂಗ್ಲಿಷ್ ವರ್ಣಮಾಲೆಯ ಅಕ್ಷರಗಳನ್ನೇ ಸರಳಗೊಳಿಸಿ ಬಳಸುತ್ತದೆ. ಆದಕಾರಣ ಇದನ್ನು ಕಲಿಯುವುದು ಸುಲಭ. ಬ್ರಿಟನ್ನಿನ ಪತ್ರಕರ್ತರ ತರಬೇತಿಯಲ್ಲಿ ನಿಮಿಷಕ್ಕೆ 100 ಪದಗಳ ವೇಗವನ್ನು ಉನ್ನತ ಗುರಿಯೆಂದು ಪರಿಗಣಿಸಲಾಗುತ್ತದೆ.

ಕಲಿಯುವ ಕ್ರಮ:
1. ಮೊದಲಿಗೆ 26 ಅಕ್ಷರಗಳ ಸರಳ ರೂಪಗಳನ್ನು ರೂಢಿಸಿಕೊಳ್ಳುವುದು.
2. ಉಚ್ಚರಿಸದ ಅಕ್ಷರಗಳನ್ನೂ ಪದದ ನಡುವಣ ಸ್ವರಗಳನ್ನೂ ಬಿಡುವುದು. ಜೋಡಿ ಅಕ್ಷರವನ್ನು ಒಮ್ಮೆ ಮಾತ್ರ ಬರೆಯುವುದು. ಉದಾ: 'ಲೆಟರ್' ಎಂಬುದಕ್ಕೆ ಎಲ್, ಟಿ, ಆರ್ ಸಾಕು.
3. ಉಳಿದ ಅಕ್ಷರಗಳನ್ನು ಲೇಖನಿ ಎತ್ತದೆ ಕೂಡಿಸಿ ಬರೆಯುವುದು.
4. ಪ್ರತಿದಿನ ಉಕ್ತಲೇಖನ ಬರೆದು, ಅದನ್ನು ಓದಿ ಪೂರ್ಣರೂಪದಲ್ಲಿ ನಕಲು ಮಾಡುವುದು.

ಎಚ್ಚರಿಕೆ: ಸ್ವರಗಳನ್ನು ಬಿಟ್ಟಾಗ 'ಫಾರ್ಮ್' (ನಮೂನೆ), 'ಫಾರ್ಮ್' (ಜಮೀನು) ಹಾಗೂ 'ಫರ್ಮ್' (ವ್ಯಾಪಾರ ಸಂಸ್ಥೆ) ಮೂರಕ್ಕೂ ಎಫ್, ಆರ್, ಎಂ ಮಾತ್ರ ಉಳಿಯುತ್ತವೆ. ಸಂದರ್ಭ ಮರೆತರೆ ಟಿಪ್ಪಣಿಯ ಅರ್ಥವೇ ಬದಲಾಗಬಹುದು. ಆದ್ದರಿಂದ ಹೆಸರು, ಸರ್ವೆ ನಂಬರು, ದಿನಾಂಕ ಹಾಗೂ ಮೊಬಲಗನ್ನು ಪೂರ್ಣವಾಗಿ ಬರೆದು, ಅದೇ ದಿನ ನಕಲು ಮಾಡತಕ್ಕದ್ದು. ಓದಲಾಗದ ವೇಗದಿಂದ ಪ್ರಯೋಜನವಿಲ್ಲ.

ಸೂಚನೆ: ಈ ಪದ್ಧತಿಯು ಇಂಗ್ಲಿಷಿಗಾಗಿ ರೂಪಿತವಾದುದರಿಂದ ಕನ್ನಡ ಉಕ್ತಲೇಖನಕ್ಕೆ ನೇರವಾಗಿ ಒದಗುವುದಿಲ್ಲ. ಸ್ವಂತ ಕಲಿಕೆಯು ಪರೀಕ್ಷಾ ಪ್ರಮಾಣಪತ್ರಕ್ಕೆ ಬದಲಿಯಲ್ಲ. ಶೀಘ್ರಲಿಪಿಗಾರರ ಹುದ್ದೆಗೆ ಅರ್ಜಿ ಸಲ್ಲಿಸುವವರು ಅಧಿಸೂಚನೆಯಲ್ಲಿನ ಭಾಷೆ, ವೇಗ ಹಾಗೂ ವಿದ್ಯಾರ್ಹತೆಯನ್ನು ಪರಿಶೀಲಿಸಿಕೊಂಡ ನಂತರವೇ ತರಬೇತಿಗೆ ಸೇರುವುದು ಸೂಕ್ತ.