ತುಮಕೂರು ಭಾಗದ ಮನೆಗಳು ಮತ್ತು ಸ್ಮಾರ್ಟ್ ವಿದ್ಯುತ್ ಮೀಟರ್

ಸ್ಮಾರ್ಟ್ ವಿದ್ಯುತ್ ಮೀಟರ್ ಎಂಬುದು ಮನೆಯ ವಿದ್ಯುತ್ ಬಳಕೆಯನ್ನು ನಿಗದಿತ ಅಂತರದಲ್ಲಿ ಅಳೆದು, ಆ ವಿವರವನ್ನು ಮೊಬೈಲ್ ಜಾಲ ಅಥವಾ ರೇಡಿಯೋ ತರಂಗಗಳ ಮೂಲಕ ಸರಬರಾಜು ಕಂಪನಿಗೆ ತಾನೇ ಕಳುಹಿಸುವ ಮತ್ತು ಅಲ್ಲಿಂದ ಬರುವ ಆದೇಶವನ್ನು ಪಾಲಿಸಬಲ್ಲ ಉಪಕರಣವಾಗಿದೆ. ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್‌ಗಳಿಗೆ ವಿದ್ಯುತ್ ಪೂರೈಸುವ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯು (ಬೆಸ್ಕಾಂ) 2025ರ ಫೆಬ್ರವರಿ 15ರಿಂದ ತನ್ನ ವ್ಯಾಪ್ತಿಯ ನಗರ ಪ್ರದೇಶಗಳಲ್ಲಿ ಹೊಸ ಹಾಗೂ ತಾತ್ಕಾಲಿಕ ಸಂಪರ್ಕಗಳಿಗೆ ಇಂತಹ ಮೀಟರನ್ನು ಕಡ್ಡಾಯಗೊಳಿಸಿತು. ಹಳೆಯ ಸಂಪರ್ಕ ಹೊಂದಿರುವವರಿಗೆ ಬದಲಾವಣೆ ಐಚ್ಛಿಕವಾಗಿತ್ತು. ಹೀಗಾಗಿ ಈ ಭಾಗದ ಬಹುತೇಕ ಮನೆಗಳ ಮಟ್ಟಿಗೆ ಸ್ಮಾರ್ಟ್ ಮೀಟರ್ ಒಂದು ಆಯ್ಕೆಯ ಪ್ರಶ್ನೆ. ಹೊಸದಾಗಿ ಮನೆ ಕಟ್ಟುವವರ ಮಟ್ಟಿಗೆ ಮಾತ್ರ ಅದು ಖರ್ಚಿನ ಪ್ರಶ್ನೆ. ಗೃಹಬಳಕೆದಾರರ ಧೋರಣೆಯನ್ನು ಉಪಕರಣದ ಗುಣಾವಗುಣಗಳಿಗಿಂತ ಅದರ ಬೆಲೆ, ಗೃಹಜ್ಯೋತಿ ಯೋಜನೆಯ ಉಚಿತ ಯೂನಿಟ್‌ಗಳು ಮತ್ತು ಮೀಟರಿನ ಅಂಕಿಯ ಮೇಲಿನ ನಂಬಿಕೆ ಹೆಚ್ಚಾಗಿ ರೂಪಿಸುತ್ತವೆ.

ಪ್ರದೇಶದ ಹಿನ್ನೆಲೆ

ಬೆಸ್ಕಾಂ 2002ರ ಜೂನ್‌ನಲ್ಲಿ ಕಾರ್ಯಾರಂಭ ಮಾಡಿತು. ತುಮಕೂರು ಜಿಲ್ಲೆಯು ಅದರ ವ್ಯಾಪ್ತಿಯ ಎಂಟು ಜಿಲ್ಲೆಗಳಲ್ಲಿ ಒಂದು. 2016ರಲ್ಲಿ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ತುಮಕೂರು ನಗರವು 2011ರ ಜನಗಣತಿಯ ಹೊತ್ತಿಗೇ ಮೂರು ಲಕ್ಷಕ್ಕೂ ಮಿಕ್ಕ ಜನಸಂಖ್ಯೆಯನ್ನು ಹೊಂದಿತ್ತು. ಶಿಕ್ಷಣ ಸಂಸ್ಥೆಗಳ ಈ ಊರಿನಲ್ಲಿ ಬಾಡಿಗೆ ಮನೆಗಳು ಹೇರಳ. ಬಾಡಿಗೆ ಮನೆಯಲ್ಲಿ ಆರ್.ಆರ್. ಸಂಖ್ಯೆ ಮಾಲೀಕರ ಹೆಸರಿನಲ್ಲಿರುತ್ತದೆ, ಬಿಲ್ಲನ್ನು ಬಾಡಿಗೆದಾರರು ಕಟ್ಟುತ್ತಾರೆ. ಮೀಟರ್ ಬದಲಿಸುವ ತೀರ್ಮಾನ ಒಬ್ಬರದು, ಅದರ ಲಾಭನಷ್ಟ ಇನ್ನೊಬ್ಬರದು.

ಗುಬ್ಬಿ ಮತ್ತು ಕುಣಿಗಲ್ ಸಣ್ಣ ಪಟ್ಟಣಗಳು. ಅವುಗಳ ಸುತ್ತಲಿನ ಹಳ್ಳಿಗಳ ತೆಂಗು, ಅಡಿಕೆ ತೋಟಗಳು ಬಹುಮಟ್ಟಿಗೆ ಕೊಳವೆಬಾವಿಗಳನ್ನು ನಂಬಿವೆ. ಇಲ್ಲಿ ‘ಮೀಟರ್’ ಎಂಬ ಪದಕ್ಕೆ ಹಳೆಯ ನೆನಪೊಂದು ಅಂಟಿಕೊಂಡಿದೆ. ಕೃಷಿ ಪಂಪ್‌ಸೆಟ್‌ಗಳಿಗೆ ಮೀಟರ್ ಅಳವಡಿಸುವುದನ್ನು ರೈತ ಸಂಘಟನೆಗಳು ದಶಕಗಳಿಂದ ವಿರೋಧಿಸುತ್ತ ಬಂದಿವೆ. ಮೀಟರ್ ಬಂದರೆ ಅದರ ಬೆನ್ನಿಗೇ ಬಿಲ್ಲೂ ಬರುತ್ತದೆ ಎಂಬುದು ಅವರ ವಾದದ ತಿರುಳು. 2008ರಿಂದ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತವಾಗಿದೆ. ಮನೆಯ ಸ್ಮಾರ್ಟ್ ಮೀಟರಿಗೂ ಪಂಪ್‌ಸೆಟ್ಟಿಗೂ ನೇರ ಸಂಬಂಧವಿಲ್ಲ. ಆದರೂ ತೋಟವಿರುವ ಕುಟುಂಬವೊಂದು ಮನೆಯ ಗೋಡೆಗೆ ಹೊಸ ಮೀಟರ್ ಬರುವುದನ್ನು ಕಂಡಾಗ ‘ನಾಳೆ ತೋಟಕ್ಕೂ ಬಂದೀತು’ ಎಂದು ಯೋಚಿಸುವುದು ಅಸಹಜವೇನಲ್ಲ.

ಕಾರ್ಯವಿಧಾನ

ಮನೆಗಳಲ್ಲಿ ಬಳಕೆಗೆ ಬಂದಿರುವ ಮೀಟರ್‌ಗಳಲ್ಲಿ ಮೂರು ತಲೆಮಾರುಗಳನ್ನು ಗುರುತಿಸಬಹುದು. ಮೊದಲನೆಯದು ಅಲ್ಯೂಮಿನಿಯಂ ಚಕ್ರ ತಿರುಗುವ ಯಾಂತ್ರಿಕ ಮೀಟರ್, ಎರಡನೆಯದು ಅಂಕಿಗಳನ್ನು ಪರದೆಯ ಮೇಲೆ ತೋರಿಸಿ ಕೆಂಪು ದೀಪ ಮಿನುಗಿಸುವ ಡಿಜಿಟಲ್ ಮೀಟರ್, ಮೂರನೆಯದು ಸ್ಮಾರ್ಟ್ ಮೀಟರ್. ಅಳತೆಯ ತತ್ವದಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ಹೆಚ್ಚಿನ ಅಂತರವಿಲ್ಲ. ಸ್ಮಾರ್ಟ್ ಮೀಟರಿನಲ್ಲಿ ಸಂಪರ್ಕ ಸಾಧನ ಮತ್ತು ದೂರದಿಂದಲೇ ಸಂಪರ್ಕ ಕಡಿಯುವ, ಮರಳಿ ಕೊಡುವ ಸ್ವಿಚ್ ಹೆಚ್ಚುವರಿಯಾಗಿ ಇರುತ್ತವೆ. ಭಾರತದಲ್ಲಿ ಇದಕ್ಕೆ ಐಎಸ್ 16444 ಎಂಬ ಮಾನದಂಡ ಅನ್ವಯಿಸುತ್ತದೆ. ಕೆಲವು ನಿಮಿಷಗಳಿಗೊಮ್ಮೆ ದಾಖಲಾಗುವ ಬಳಕೆಯ ಜೊತೆಗೆ ವೋಲ್ಟೇಜ್, ಗರಿಷ್ಠ ಬೇಡಿಕೆ, ವಿದ್ಯುತ್ ಹೋದ ಮತ್ತು ಬಂದ ಸಮಯ, ಮುಚ್ಚಳ ತೆರೆದ ಸಂದರ್ಭಗಳೂ ಅದರ ನೆನಪಿನಲ್ಲಿ ಉಳಿಯುತ್ತವೆ.

ಕಾನೂನು ಮತ್ತು ಕರ್ನಾಟಕದ ನಿಲುವು

ಸರಿಯಾದ ಮೀಟರ್ ಇಲ್ಲದೆ ವಿದ್ಯುತ್ ಪೂರೈಸಬಾರದು ಎಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 55ನೇ ಕಲಂ ಹೇಳುತ್ತದೆ. 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಮುಂದಕ್ಕೆ ಹೋಗಿ, ಹೊಸ ಸಂಪರ್ಕದ ಮೀಟರ್ ಸ್ಮಾರ್ಟ್ ಮುಂಗಡ ಪಾವತಿ ಮೀಟರ್ ಅಥವಾ ಮುಂಗಡ ಪಾವತಿ ಮೀಟರ್ ಆಗಿರಬೇಕೆಂದು ವಿಧಿಸಿದವು. 2023ರ ತಿದ್ದುಪಡಿಯು ಸ್ಮಾರ್ಟ್ ಮೀಟರನ್ನು ದಿನಕ್ಕೊಮ್ಮೆಯಾದರೂ ದೂರದಿಂದ ಓದಬೇಕೆಂದೂ, ಮೀಟರ್ ಅಳವಡಿಕೆಗೆ ಹಿಂದಿನ ಅವಧಿಗೆ ಅದು ತೋರಿಸುವ ಗರಿಷ್ಠ ಬೇಡಿಕೆಯ ಆಧಾರದಲ್ಲಿ ದಂಡ ವಿಧಿಸಬಾರದೆಂದೂ ಸೇರಿಸಿತು. ಹಳೆಯ ಮನೆಗಳಲ್ಲಿ ಮಂಜೂರಾದ ಲೋಡ್ ಒಂದು, ನಿಜವಾಗಿ ಬಳಸುವ ಲೋಡ್ ಇನ್ನೊಂದು ಆಗಿರುವುದು ಸಾಮಾನ್ಯ. ಗೀಸರ್, ಮಿಕ್ಸಿ, ನೀರೆತ್ತುವ ಮೋಟಾರುಗಳು ಒಂದೊಂದಾಗಿ ಸೇರಿಕೊಂಡಿರುತ್ತವೆ. ನಿಗದಿತ ಶುಲ್ಕವು ಮಂಜೂರಾದ ಕಿಲೋವ್ಯಾಟ್‌ಗಳ ಮೇಲೆ ನಿಂತಿರುವುದರಿಂದ, ಈ ಅಂತರ ಬಯಲಾಗುವುದೆಂಬ ಅಳುಕು ಆಧಾರವಿಲ್ಲದ್ದಲ್ಲ.

ಕೇಂದ್ರ ಸರ್ಕಾರ 2021ರಲ್ಲಿ ಮಂಜೂರು ಮಾಡಿದ ಪುನರ್ರಚಿತ ವಿತರಣಾ ವಲಯ ಯೋಜನೆಯು ದೇಶದಾದ್ಯಂತ 25 ಕೋಟಿ ಮುಂಗಡ ಪಾವತಿ ಸ್ಮಾರ್ಟ್ ಮೀಟರ್‌ಗಳ ಗುರಿ ಇಟ್ಟುಕೊಂಡಿತ್ತು. ಅದನ್ನು ಒಪ್ಪಿಕೊಂಡ ರಾಜ್ಯಗಳಲ್ಲಿ ಮೀಟರಿನ ಬೆಲೆಯ ಒಂದು ಭಾಗಕ್ಕೆ ಕೇಂದ್ರದ ನೆರವು ದೊರೆಯುತ್ತದೆ, ಉಳಿದದ್ದನ್ನು ಅಳವಡಿಸುವ ಸಂಸ್ಥೆಯು ವರ್ಷಗಳ ಅವಧಿಯಲ್ಲಿ ವಸೂಲು ಮಾಡಿಕೊಳ್ಳುತ್ತದೆ. ಕರ್ನಾಟಕವು ಈ ಯೋಜನೆಗೆ ಸೇರದೆ, ಹೊಸ ಗ್ರಾಹಕರೇ ಮೀಟರ್ ಖರೀದಿಸುವ ದಾರಿ ಹಿಡಿಯಿತು.

ಬೆಲೆಯ ವಿವಾದ

ಸಿಂಗಲ್ ಫೇಸ್ ಸ್ಮಾರ್ಟ್ ಮೀಟರಿನ ಬೆಲೆ ಸುಮಾರು 5,000 ರೂಪಾಯಿ ಎಂದು ತಿಳಿದಾಗ ಆಕ್ಷೇಪ ಎದ್ದಿತು. ಅದಕ್ಕೆ ಮೊದಲು ಸಾಮಾನ್ಯ ಡಿಜಿಟಲ್ ಮೀಟರಿಗೆ ಗ್ರಾಹಕರು ಕೊಡುತ್ತಿದ್ದ ಮೊತ್ತ ಇದಕ್ಕಿಂತ ಬಹಳ ಕಡಿಮೆಯಾಗಿತ್ತು. 2025ರ ಮಾರ್ಚ್‌ನಲ್ಲಿ ವಿರೋಧ ಪಕ್ಷವಾದ ಬಿಜೆಪಿ ಖರೀದಿ ಪ್ರಕ್ರಿಯೆಯಲ್ಲಿ ಅಕ್ರಮ ನಡೆದಿದೆ ಎಂದು ಆರೋಪಿಸಿತು. ಇಂಧನ ಸಚಿವ ಕೆ.ಜೆ. ಜಾರ್ಜ್ ಆರೋಪವನ್ನು ನಿರಾಕರಿಸಿದರು. ಇತರ ರಾಜ್ಯಗಳ ದರದಲ್ಲಿ ನಿರ್ವಹಣಾ ವೆಚ್ಚದ ಲೆಕ್ಕ ಬೇರೆ ಎಂಬುದೂ, ಹಳೆಯ ಸಂಪರ್ಕಗಳಿಗೆ ಕಡ್ಡಾಯವಿಲ್ಲ ಎಂಬುದೂ ಸರ್ಕಾರದ ಸಮರ್ಥನೆಯಾಗಿತ್ತು. ವಿಷಯ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೂ ಹೋಯಿತು.

ಎರಡು ವಿಧಾನಗಳಲ್ಲಿಯೂ ಹಣ ಕೊನೆಗೆ ಗ್ರಾಹಕರಿಂದಲೋ ತೆರಿಗೆಯಿಂದಲೋ ಬರಬೇಕು. ಆದರೆ ತಿಂಗಳ ಬಿಲ್ಲಿನಲ್ಲಿ ಕರಗಿಹೋಗುವ ಮೊತ್ತಕ್ಕೂ, ಗೃಹಪ್ರವೇಶದ ಹೊಸ್ತಿಲಲ್ಲಿ ಒಟ್ಟಿಗೆ ಎಣಿಸಿ ಕೊಡಬೇಕಾದ ಮೊತ್ತಕ್ಕೂ ಮನೆಯವರ ಕಣ್ಣಿನಲ್ಲಿ ವ್ಯತ್ಯಾಸವಿದೆ. ಮನೆ ಕಟ್ಟಿ ಕೈ ಬರಿದಾದ ಹೊತ್ತಿನಲ್ಲಿಯೇ ಈ ಖರ್ಚು ಎದುರಾಗುತ್ತದೆ.

ಗೃಹಜ್ಯೋತಿಯ ಪ್ರಭಾವ

ಸ್ಮಾರ್ಟ್ ಮೀಟರಿನ ಪರವಾಗಿ ಜಗತ್ತಿನೆಲ್ಲೆಡೆ ಹೇಳಲಾಗುವ ಮೊದಲ ಮಾತು ಉಳಿತಾಯದ್ದು: ದಿನದಿನದ ಬಳಕೆ ಕಣ್ಣಿಗೆ ಕಂಡರೆ ಜನ ಕಡಿಮೆ ಬಳಸುತ್ತಾರೆ, ಬಿಲ್ಲು ಇಳಿಯುತ್ತದೆ. ಕರ್ನಾಟಕದಲ್ಲಿ ಈ ಮಾತಿನ ತೂಕವನ್ನು ಗೃಹಜ್ಯೋತಿ ಯೋಜನೆ ಬದಲಿಸಿದೆ. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದು, ಅದೇ ವರ್ಷದ ಆಗಸ್ಟ್ 5ರಂದು ಕಲಬುರಗಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಈ ಯೋಜನೆಯಡಿ, ತಿಂಗಳಿಗೆ 200 ಯೂನಿಟ್ ಮೀರದಂತೆ, 2022–23ರ ತಮ್ಮದೇ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಹೆಚ್ಚು ಯೂನಿಟ್‌ಗಳು ಮನೆಗಳಿಗೆ ಉಚಿತ. ಕಡಿಮೆ ಬಳಸುವವರಿಗೆ ಶೇಕಡಾ 10ರ ಬದಲು 10 ಯೂನಿಟ್ ಹೆಚ್ಚುವರಿ ಕೊಡಲು 2024ರ ಜನವರಿಯಲ್ಲಿ ತೀರ್ಮಾನವಾಯಿತು. ಬಿಲ್ಲೇ ಶೂನ್ಯವಾಗಿರುವ ಮನೆಗೆ ‘ಮೀಟರ್ ಬದಲಿಸಿ, ಬಿಲ್ಲು ಇಳಿಸಿ’ ಎನ್ನುವುದರಲ್ಲಿ ಅರ್ಥವಿಲ್ಲ. 5,000 ರೂಪಾಯಿ ಕೊಟ್ಟು ಸೊನ್ನೆಯನ್ನು ಇನ್ನಷ್ಟು ಇಳಿಸಲು ಬರುವುದಿಲ್ಲ.

ಆದರೆ ಮಿತಿಯ ಅಂಚಿನಲ್ಲಿರುವ ಮನೆಗಳ ಲೆಕ್ಕ ಬೇರೆ. ಅರ್ಹತೆಯ ಮಿತಿ ಮೀರಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗಳಿಗಷ್ಟೇ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಕಟ್ಟಬೇಕು. 150 ಯೂನಿಟ್‌ಗೆ ಅರ್ಹತೆ ಪಡೆದ ಮನೆಯೊಂದು 199 ಯೂನಿಟ್ ಬಳಸಿದರೆ, 2025–26ರ ದರವಾದ ಯೂನಿಟ್‌ಗೆ 5.80 ರೂಪಾಯಿಯಂತೆ 49 ಯೂನಿಟ್‌ಗೆ 284.20 ರೂಪಾಯಿ ಆಗುತ್ತದೆ. ಅದೇ ಮನೆ 201 ಯೂನಿಟ್ ಬಳಸಿದರೆ ಬಳಕೆಯ ಶುಲ್ಕವೇ 1,165.80 ರೂಪಾಯಿ (ತೆರಿಗೆ ಮತ್ತು ಇತರ ಶುಲ್ಕಗಳನ್ನು ಎರಡರಲ್ಲೂ ಸೇರಿಸಿಲ್ಲ). ಎರಡು ಯೂನಿಟ್ಟಿನ ವ್ಯತ್ಯಾಸಕ್ಕೆ 880 ರೂಪಾಯಿಗೂ ಹೆಚ್ಚು. ಇಂತಹ ಮನೆಗೆ ತಿಂಗಳ 25ನೇ ದಿನ ಬಳಕೆ ಎಷ್ಟಾಗಿದೆ ಎಂದು ಮೊಬೈಲ್‌ನಲ್ಲಿ ಕಾಣುವುದು ನಿಜಕ್ಕೂ ಪ್ರಯೋಜನಕರ. ಈಗಿರುವ ಡಿಜಿಟಲ್ ಮೀಟರಿನ ಮುಂದೆ ನಿಂತು ಹಿಂದಿನ ಬಿಲ್ಲಿನ ಅಂಕಿಯನ್ನು ಕಳೆದರೂ ಅದೇ ಉತ್ತರ ಸಿಗುತ್ತದೆ ಎಂಬುದೂ ನಿಜ.

ಇದರಲ್ಲಿ ಒಂದು ವಿಪರ್ಯಾಸವಿದೆ. ಹಿಂದಿನ ಬಳಕೆಯ ದಾಖಲೆಯಿಲ್ಲದ ಹೊಸ ಸಂಪರ್ಕಕ್ಕೆ ರಾಜ್ಯದ ಸರಾಸರಿಯಾದ 53 ಯೂನಿಟ್ ಮತ್ತು ಅದರ ಶೇಕಡಾ 10, ಅಂದರೆ 58 ಯೂನಿಟ್ ಮಾತ್ರ ಉಚಿತವೆಂದು ನಿಗದಿಯಾಗಿತ್ತು. ಸ್ಮಾರ್ಟ್ ಮೀಟರ್ ಕೊಳ್ಳಲೇಬೇಕಾದವರೂ ಇದೇ ಹೊಸ ಸಂಪರ್ಕದವರು. ಹೆಚ್ಚು ಖರ್ಚು ಮತ್ತು ಕಡಿಮೆ ಉಚಿತ ಯೂನಿಟ್‌ಗಳು ಒಂದೇ ಮನೆಯ ಪಾಲಿಗೆ ಬಂದಾಗ, ಅಸಮಾಧಾನವು ಗೋಡೆಯ ಮೇಲಿನ ಮೀಟರಿನತ್ತ ತಿರುಗುತ್ತದೆ.

ಬಾಡಿಗೆದಾರರು ಮನೆ ಬದಲಿಸಿದಾಗ ಹಿಂದಿನ ಆರ್.ಆರ್. ಸಂಖ್ಯೆಯಿಂದ ಆಧಾರ್ ಜೋಡಣೆ ಕಳಚಿಕೊಳ್ಳುವ ಸೌಲಭ್ಯ 2024ರಲ್ಲಿ ಬಂದಿತು.

ಅಂಕಿಯ ಮೇಲಿನ ನಂಬಿಕೆ

‘ಹೊಸ ಮೀಟರ್ ಜೋರಾಗಿ ಓಡುತ್ತದೆ’ ಎಂಬುದು ಸ್ಮಾರ್ಟ್ ಮೀಟರಿಗಿಂತ ಹಳೆಯ ದೂರು. ಚಕ್ರದ ಮೀಟರನ್ನು ತೆಗೆದು ಡಿಜಿಟಲ್ ಮೀಟರ್ ಹಾಕಿದಾಗಲೂ ಅದು ಕೇಳಿಬಂದಿತ್ತು. ಇದಕ್ಕೆ ಭಾಗಶಃ ತಾಂತ್ರಿಕ ಕಾರಣವಿದೆ: ವರ್ಷಗಳು ಕಳೆದಂತೆ ಯಾಂತ್ರಿಕ ಮೀಟರಿನ ಚಕ್ರ ಸವೆದು, ಧೂಳು ಹಿಡಿದು ನಿಧಾನಗೊಳ್ಳುತ್ತದೆ. ಟಿ.ವಿ.ಯ ಪುಟ್ಟ ಕೆಂಪು ದೀಪ, ಮೊಬೈಲ್ ಚಾರ್ಜರಿನಂತಹ ಅತ್ಯಲ್ಪ ಬಳಕೆಗೆ ಅದರ ಚಕ್ರ ಕದಲದೆಯೂ ಇರಬಹುದು. ಎಲೆಕ್ಟ್ರಾನಿಕ್ ಮೀಟರ್ ಅದನ್ನೂ ಎಣಿಸುತ್ತದೆ. ಬಿಲ್ಲು ಏರಿದ್ದು ನಿಜ, ಹೊಸ ಮೀಟರ್ ತಪ್ಪು ತೋರಿಸುತ್ತಿಲ್ಲ ಎಂಬುದೂ ನಿಜ ಆಗಿರಬಹುದು. ಮನೆಯವರಿಗೆ ಮೊದಲನೆಯದು ಮಾತ್ರ ಕಾಣುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ 2009ರಲ್ಲಿ ಇಂತಹದೇ ದೂರುಗಳು ಎದ್ದವು. 2010ರ ಸ್ವತಂತ್ರ ಪರಿಶೀಲನೆಯು ಮೀಟರ್‌ಗಳು ಸರಿಯಾಗಿಯೇ ಅಳೆಯುತ್ತಿದ್ದವೆಂದೂ, ಬೇಸಿಗೆಯ ಬಿಸಿ ಮತ್ತು ದರ ಏರಿಕೆ ಬಿಲ್ಲನ್ನು ಹೆಚ್ಚಿಸಿದ್ದವೆಂದೂ, ಕಂಪನಿಯು ಗ್ರಾಹಕರ ದೂರುಗಳನ್ನು ನಿಭಾಯಿಸಿದ ರೀತಿಯಲ್ಲಿ ಲೋಪವಿತ್ತೆಂದೂ ಕಂಡುಕೊಂಡಿತು. ಗುಜರಾತಿನ ವಡೋದರಾದಲ್ಲಿ 2024ರ ಮೇ ತಿಂಗಳಲ್ಲಿ ಪ್ರತಿಭಟನೆ ನಡೆದಾಗ, ಸ್ಮಾರ್ಟ್ ಮೀಟರಿನ ಪಕ್ಕದಲ್ಲಿ ಹಳೆಯ ಮಾದರಿಯ ಮೀಟರನ್ನೂ ಇಟ್ಟು ತಾಳೆ ನೋಡುವ ಕ್ರಮವನ್ನು ಅಲ್ಲಿನ ಆಡಳಿತ ಪ್ರಕಟಿಸಿತು. ನಂಬಿಕೆ ಗಳಿಸಲು ಕರಪತ್ರಕ್ಕಿಂತ ಈ ಪಕ್ಕದ ಮೀಟರ್ ಪರಿಣಾಮಕಾರಿ ಎನ್ನಬಹುದು.

ನಂಬಿಕೆಯ ಇನ್ನೊಂದು ಮುಖ ಮನುಷ್ಯರದು. ತಿಂಗಳ ಮೊದಲ ಪಕ್ಷದಲ್ಲಿ ಮೀಟರ್ ರೀಡರ್ ಬಂದು, ಕೈಯಲ್ಲಿನ ಯಂತ್ರದಿಂದ ಬಿಲ್ಲು ಹರಿದು ಕೊಡುವುದು ಈ ಭಾಗದ ವಾಡಿಕೆ. ಹಳ್ಳಿಗಳಲ್ಲಿ ಈ ಕೆಲಸವನ್ನು ಗ್ರಾಮ ವಿದ್ಯುತ್ ಪ್ರತಿನಿಧಿಗಳು ಮಾಡುತ್ತಾರೆ. ಇವರು ಸಾಮಾನ್ಯವಾಗಿ ಸ್ಥಳೀಯರೇ. ಬಿಲ್ಲಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ ಕೇಳಲು ಎದುರಿಗೊಂದು ಮುಖವಿರುತ್ತದೆ. ಓದುವಿಕೆ ದೂರದಿಂದ ನಡೆದರೆ ತಪ್ಪು ಬರಹ, ಬೀಗ ಹಾಕಿದ ಮನೆಗೆ ಅಂದಾಜು ಬಿಲ್ಲು ಮುಂತಾದ ತೊಂದರೆಗಳು ತಪ್ಪುತ್ತವೆ. ಅವುಗಳೊಂದಿಗೆ ಆ ಮುಖವೂ, ಅದರ ಹಿಂದಿನ ಜೀವನೋಪಾಯವೂ ಇಲ್ಲವಾಗುತ್ತವೆ.

ಮುಂಗಡ ಪಾವತಿಯ ಪ್ರಶ್ನೆ

ಮೊಬೈಲ್ ರೀಚಾರ್ಜಿನಂತೆ ಮೊದಲೇ ಹಣ ತುಂಬಿಸುವ ವ್ಯವಸ್ಥೆಯಲ್ಲಿ ಭದ್ರತಾ ಠೇವಣಿಯ ಅಗತ್ಯ ಬೀಳುವುದಿಲ್ಲ. ಬಾಡಿಗೆದಾರರು ಬಾಕಿ ಉಳಿಸಿ ಹೋಗುವ ಭಯ ಮಾಲೀಕರಿಗೆ ಇರುವುದಿಲ್ಲ. ತುಮಕೂರಿನಂತಹ ಬಾಡಿಗೆ ಮನೆಗಳ ಊರಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ದಿನಗೂಲಿ ಅಥವಾ ಫಸಲಿನ ಹಣವನ್ನು ನಂಬಿದ ಮನೆಗೆ, ಬಿಲ್ಲು ಬಂದ ಮೇಲೆ ಸಿಗುವ ಕೆಲವು ದಿನಗಳ ಗಡುವು ಒಂದು ಬಗೆಯ ಕೈಸಾಲವೇ ಆಗಿರುತ್ತದೆ. ಲೈನ್‌ಮನ್ ಬಂದು ಫ್ಯೂಸ್ ಕೀಳುವ ಮೊದಲು ಒಂದು ಮಾತು, ಒಂದು ದಿನದ ಅವಕಾಶ ಸಿಗಬಹುದು. ದೂರದ ಸ್ವಿಚ್ಚಿನೊಂದಿಗೆ ಮಾತಾಡಲು ಆಗುವುದಿಲ್ಲ ಎಂಬುದೇ ಈ ವಿಷಯದಲ್ಲಿನ ಆತಂಕ.

ಖಾಸಗಿತನ

ನೆದರ್ಲೆಂಡ್ಸ್‌ನ ಸಂಸತ್ತಿನ ಮೇಲ್ಮನೆಯು 2009ರಲ್ಲಿ ಕಡ್ಡಾಯ ಸ್ಮಾರ್ಟ್ ಮೀಟರ್ ಮಸೂದೆಯನ್ನು ಖಾಸಗಿತನದ ಕಾರಣಕ್ಕೆ ತಡೆದಿತ್ತು. ಮನೆಯವರು ಎಷ್ಟು ಗಂಟೆಗೆ ಏಳುತ್ತಾರೆ, ಯಾವಾಗ ಊರಲ್ಲಿರುವುದಿಲ್ಲ ಎಂಬುದನ್ನು ಬಳಕೆಯ ಏರಿಳಿತದಿಂದ ಊಹಿಸಬಹುದು ಎಂಬುದು ಅಲ್ಲಿನ ಆಕ್ಷೇಪವಾಗಿತ್ತು. ಕರ್ನಾಟಕದ ಚರ್ಚೆಯಲ್ಲಿ ಬೆಲೆಯ ವಿವಾದದ ಮುಂದೆ ಈ ಅಂಶ ಹಿಂದೆ ಸರಿದಿದೆ.

ಮೈಸೂರಿನ ಪ್ರಯೋಗ ಮತ್ತು ದೂರು ವ್ಯವಸ್ಥೆ

ರಾಜ್ಯಕ್ಕೆ ಈ ತಂತ್ರಜ್ಞಾನ ತೀರ ಹೊಸದೇನಲ್ಲ. 2010ರ ದಶಕದಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು ಮೈಸೂರಿನ ಒಂದು ಭಾಗದ 21,824 ಗ್ರಾಹಕರನ್ನು ಒಳಗೊಂಡ ಸ್ಮಾರ್ಟ್ ಗ್ರಿಡ್ ಪ್ರಯೋಗ ನಡೆಸಿತ್ತು. ಕೇಂದ್ರದ ನೆರವು ಪಡೆದ ಆ ಪ್ರಯೋಗದಲ್ಲಿ ಮನೆಯವರು ಮೀಟರಿನ ಬೆಲೆ ಕೊಟ್ಟು ಕೊಳ್ಳುವ ಪ್ರಮೇಯ ಇರಲಿಲ್ಲ ಎಂಬುದನ್ನು, ಅದನ್ನು ಮಾದರಿಯಾಗಿ ಉಲ್ಲೇಖಿಸುವಾಗ ನೆನಪಿಡಬೇಕಾಗುತ್ತದೆ.

ಮೀಟರಿನ ಬಗ್ಗೆ ಸಂದೇಹವಿರುವ ಗ್ರಾಹಕರು 1912 ಸಹಾಯವಾಣಿಗೆ ಅಥವಾ ಉಪವಿಭಾಗದ ಕಚೇರಿಗೆ ದೂರು ಕೊಟ್ಟು ಮೀಟರ್ ಪರೀಕ್ಷೆಯನ್ನು ಕೋರಬಹುದು. ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಮೀಟರಿನ ಅಂಕಿ ನಿಜ ಬಳಕೆಗೆ ಹೊಂದುವುದಿಲ್ಲ ಎಂದು ದೂರು ಬಂದರೆ ಐದು ದಿನಗಳೊಳಗೆ ಹೆಚ್ಚುವರಿ ಮೀಟರನ್ನು ಅಳವಡಿಸಿ, ಕನಿಷ್ಠ ಮೂರು ತಿಂಗಳು ಎರಡರ ಅಂಕಿಗಳನ್ನೂ ತಾಳೆ ನೋಡಬೇಕು. ಅಲ್ಲಿಯೂ ಬಗೆಹರಿಯದ ವ್ಯಾಜ್ಯಗಳಿಗೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ ಇದೆ. ತಿಂಗಳ ಮೂರನೇ ಶನಿವಾರ ನಡೆಯುವ ವಿದ್ಯುತ್ ಅದಾಲತ್‌ಗಳಲ್ಲಿ ಹಳ್ಳಿಗಳ ಗ್ರಾಹಕರು ಅಧಿಕಾರಿಗಳ ಮುಂದೆ ನೇರವಾಗಿ ಅಹವಾಲು ಹೇಳಿಕೊಳ್ಳಬಹುದು.