ಸವಣೂರಿನ ಮುತ್ತಿಗೆ

ಬಿ. ಆರ್. ಪಂತುಲು ಅವರ 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರವನ್ನು ಕಂಡವರಿಗೆ ಕೋಟೆಯ ಮುತ್ತಿಗೆಯೆಂದರೆ ವೀರರಸವೇ ನೆನಪಾಗುತ್ತದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ನಮ್ಮ ಸೀಮೆಯಲ್ಲೇ ನಡೆದ ಇನ್ನೊಂದು ಮುತ್ತಿಗೆಯ ಕಥೆ ಬೇರೆ ಬಗೆಯದು.

1756ರಲ್ಲಿ ಪೇಶ್ವೆ ಬಾಲಾಜಿ ಬಾಜಿರಾಯನು ಸವಣೂರನ್ನು ಮುತ್ತಿದನು. ನಿಜಾಮ ಸಲಾಬತ್ ಜಂಗನೂ ಫ್ರೆಂಚ್ ಸೇನಾನಿ ಬುಸ್ಸಿಯೂ ಅವನನ್ನು ಕೂಡಿಕೊಂಡರು. ಒಳಗೆ ನವಾಬ ಅಬ್ದುಲ್ ಹಕೀಮ್ ಖಾನ. ಅವನ ನೆರವಿಗೆ ಗುತ್ತಿಯ ಮುರಾರಿರಾಯ. ಜೊತೆಗೆ ಪೇಶ್ವೆಯ ಚಾಕರಿ ಬಿಟ್ಟು ಬಂದ ಗಾರ್ದಿ ಸರದಾರ ಮುಜಫರ್ ಖಾನ. ಈತ ಮೊದಲು ಬುಸ್ಸಿಯ ಕೈಕೆಳಗೇ ಇದ್ದವನು! ಬುಸ್ಸಿಯ ತೋಪುಗಳು ಗುಡುಗಿದ ಮೇಲೆ ಸಂಧಿಯ ಮಾತು ಹುಟ್ಟಿತು. ಮುರಾರಿರಾಯನು ಫ್ರೆಂಚರಿಂದ ತನಗೆ ಬರಬೇಕಿದ್ದ ಬಾಕಿಯ ಪತ್ರವನ್ನು ಬಿಟ್ಟುಕೊಟ್ಟು ದಾರಿ ಸುಗಮ ಮಾಡಿಕೊಂಡನು. ನವಾಬನು ಸೋಲೊಪ್ಪಿ ಗದ್ದುಗೆ ಉಳಿಸಿಕೊಂಡನು.

ಹೀಗೆ ದೊಡ್ಡವರಿಗೆಲ್ಲ ಒಂದೊಂದು ಬಾಗಿಲು ತೆರೆಯಿತು. ಊರೊಳಗಿನ ನೇಕಾರನಿಗೆ, ಕೂಲಿಯವಳಿಗೆ, ಹಸುಗೂಸಿಗೆ? ಬಿಟ್ಟುಕೊಡಲು ಅವರ ಬಳಿ ಪತ್ರವಿರಲಿಲ್ಲ. ಬದಲಿಸಲು ಪಕ್ಷವೂ ಇರಲಿಲ್ಲ. ನಾನು ಓದಿದ ಚರಿತ್ರೆಗಳಲ್ಲಿ ತೋಪುಗಳ ಸುದ್ದಿಯುಂಟು, ಇವರ ಸುದ್ದಿಯಿಲ್ಲ. ಮುತ್ತಿಗೆಯ ಕಥೆಯನ್ನು ಬರೆಯುವವರೂ ಚಿತ್ರ ತೆಗೆಯುವವರೂ ಮೊದಲು ಕೇಳಬೇಕಾದುದು ಕೋಟೆ ಯಾರ ವಶವಾಯಿತೆಂದಲ್ಲ. ಒಳಗಿದ್ದವರು ಆ ದಿನಗಳಲ್ಲಿ ಏನು ಉಂಡರು ಎಂದು.